ಕಾಫಿ ಡಬ್ಬಿಯ ಹಲ್ಲುಚಕ್ರ

ನೀರು ತೂಬಿನ ಗೋಡೆಯ ಕೆಂಪು ಗೆರೆಯನ್ನು ಮುಟ್ಟುವವರೆಗೆ ಬಾಗಿಲು ಎತ್ತುವುದಿಲ್ಲ ಎಂದು ಆರ್ವಿಲ್ ಮಾತು ಕೊಟ್ಟ. ಮುಟ್ಟಿದ ಮೇಲೆ ಮಾತ್ರ ಯಾರು ಅತ್ತರೂ ಎತ್ತುತ್ತೇನೆ ಎಂದ.

"ನನ್ನ ಮೇಲೆ ಕೂಗಾಡ್ಬೇಡ ನೆಡ್ರಾ. ನಾವಿರೋದು ಕಾಲುವೆ ಕೊನೇಲಿ. ನೀರನ್ನ ಬೇರೆ ಎಲ್ಲಿಗೆ ಬಿಡ್ಲಿ ಹೇಳು? ಏರಿ ಒಡೆದ್ರೆ ನೆಟ್ಟಗೆ ಪಕ್ಕದ ಹ್ಯಾಚ್ ಮನೆಯವರ ಕೊಟ್ಟಿಗೆಗೇ ನುಗ್ಗತ್ತೆ. ಈ ವಾರ ಹುಟ್ಟಿದ ಕರುಗಳೆಲ್ಲ ಅಲ್ಲೇ ಇದಾವೆ."

"ನಾನೆಲ್ಲಿ ಕೂಗಾಡ್ತಿದೀನಿ?" ಎಂದು ಕೂಗಿದೆ.

ಆರ್ವಿಲ್ ನಮ್ಮ ಕಾಲುವೆಯ ನೀರುಗಂಟಿ, ಹೊಲಹೊಲಕ್ಕೆ ನೀರು ಬಿಡುವವನು. ಒಳ್ಳೆಯವನೇ. ಆದರೆ ಅಣೆಕಟ್ಟಿನಿಂದ ವರ್ಷದ ಮೊದಲ ನೀರು ಬಿಟ್ಟಾಗಿತ್ತು, ಅದು ಹೊಲ ಹೊಲ ದಾಟಿ ನಮ್ಮ ತೂಬಿನ ಹಿಂದೆ ಬಂದು ನಿಂತಾಗಿತ್ತು. ತೂಬು ಇರುವುದು ರಸ್ತೆಯ ಆಚೆ. ಅಲ್ಲಿಂದ ರಸ್ತೆಯ ಅಡಿಯಲ್ಲಿ ಒಂದೂವರೆ ಅಡಿ ಅಗಲದ ಸಿಮೆಂಟ್ ಕೊಳವೆ ನೇರವಾಗಿ ಬಂದು ಈಚೆ ನಮ್ಮ ಹೊಲದ ಕಾಲುವೆಗೆ ಬಾಯಿ ಬಿಡುತ್ತದೆ. ಆ ಕೊಳವೆಯ ಒಳಗೆ ಎಲ್ಲೋ ದೂರದಲ್ಲಿ ನಮ್ಮ ಟೇಟರ್ ಕೂತಿತ್ತು. ಬಾಗಿಲು ಎತ್ತಿದರೆ ಅದರ ಕಥೆ ಮುಗಿಯಿತು.

ಟೇಟರ್ ಅಂದರೆ ನನ್ನ ಗಂಡ ರಾಯ್ಸ್‌ನ ನಾಯಿ. ಗಿಡ್ಡ ಕಾಲು, ಮೈತುಂಬ ಒರಟು ಕೂದಲು, ಮಣ್ಣು ಮೆತ್ತಿದ ಆಲೂಗಡ್ಡೆಯ ಬಣ್ಣ. ಅನ್ನ ಹಾಕುವವಳು ನಾನಾದರೂ ಬಾಲ ಅಲ್ಲಾಡಿಸುವುದು ಅವನಿಗೆ ಮಾತ್ರ.

ಆದದ್ದು ಇಷ್ಟು. ಐಡಹೊದಲ್ಲಿ ಮೊದಲ ನೀರು ಬರುವ ಮುಂಚೆ ಎಲ್ಲರೂ ಕಾಲುವೆಯ ಒಣಹುಲ್ಲು ಸುಡುತ್ತಾರೆ. ಆ ದಿನ ನಾನೂ ಗ್ಯಾಸಿನ ಕೊಳ್ಳಿ ಹಿಡಿದು ಸುಡುತ್ತಿದ್ದೆ. ರಾಯ್ಸ್ ಏರಿಯ ಮೇಲೆ ನಾಯಿಯ ಹಗ್ಗ ಹಿಡಿದು ನಿಂತಿದ್ದ. ಎಡಗೈಯಲ್ಲಿ ಹಿಡಿ ಎಂದಿದ್ದೆ. "ಸರಿ" ಎಂದು ಬಲಗೈಯಲ್ಲಿ ಹಿಡಿದಿದ್ದ. ಹೋದ ಚಳಿಗಾಲದಲ್ಲಿ ಅವನ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದಾಗಿನಿಂದ ಆ ಬಲಗೈಗೆ ಚಮಚ ಹಿಡಿಯುವ ತ್ರಾಣವೂ ಇಲ್ಲ. ಮುಳ್ಳುಪೊದೆಯೊಂದಕ್ಕೆ ಕಿಡಿ ತಗುಲಿ ಭಗ್ ಎಂದಿತು. ಟೇಟರ್ ಹಗ್ಗ ಕಿತ್ತುಕೊಂಡು ಕೊಳವೆಯೊಳಗೆ ನುಗ್ಗಿತು.

ಗಳ ಹಾಕಿ ನೋಡಿದೆ, ಅರ್ಧಕ್ಕೂ ಮುಟ್ಟಲಿಲ್ಲ. ಹುರಿದ ಮಾಂಸ ತೋರಿಸಿದೆ, ಜಪ್ಪಯ್ಯ ಎನ್ನಲಿಲ್ಲ. ಕೊಳವೆಯ ಬಾಯಿಯೆಲ್ಲ ಹೊಗೆ ನಾರುತ್ತಿತ್ತು, ಅದು ತಾನೆ ಹೇಗೆ ಬಂದೀತು? ಕರೆದರೆ ಬರುತ್ತಿದ್ದುದು ಒಬ್ಬನ ದನಿಗೆ ಮಾತ್ರ. ಅವನಿಗೋ ಈಗ ಉಳಿದಿರುವುದು ಒಂದೇ ಮಾತು. ಕಾಫಿ ಬೇಕಾದರೂ "ಸರಿ," ಬೇಡವಾದರೂ "ಸರಿ," ಹೊಟ್ಟೆ ನೋಯುತ್ತಿದ್ದರೂ "ಸರಿ." ಮೂವತ್ತು ವರ್ಷ ನನ್ನ ಜೊತೆ ಒಂದು ವಿಷಯಕ್ಕೂ ಸರಿ ಎನ್ನದ ಮನುಷ್ಯ! ಅವನು ಕೊಳವೆಯ ಬಾಯಿಗೆ ಬಗ್ಗಿ "ಸರಿ, ಸರಿ" ಎಂದು ಕರೆದ. ಒಳಗಿನಿಂದ ಒಂದು ಕುಂಯ್ ಎಂಬ ಸದ್ದು ಬಂತು, ಅಷ್ಟೆ.

ಆಗ ನಾನು ರಾಯ್ಸ್‌ನ ಗೆಳೆಯ ವರ್ನನ್‌ಗೆ ಫೋನು ಮಾಡಿ, ಮನೆಗೆ ಓಡಿ, ಕಪಾಟಿನ ಮೇಲಿದ್ದ ರಾಯ್ಸ್‌ನ ರಿಮೋಟ್ ಟ್ರಕ್ಕನ್ನು ಇಳಿಸಿದೆ.

ಪ್ರತಿ ಶನಿವಾರ ಊರಾಚೆಯ ಕರಿಬಂಡೆಗಳ ಮೇಲೆ ಮೊಣಕೈಯುದ್ದದ ಟ್ರಕ್ಕುಗಳನ್ನು ಹತ್ತಿಸುವ ಗುಂಪೊಂದು ನಮ್ಮಲ್ಲಿದೆ. ಅದರಲ್ಲಿ ಎರಡು ಪಂಗಡ. ಪೆಟ್ಟಿಗೆಯಿಂದ ಬಂದ ಪ್ಲಾಸ್ಟಿಕ್ ಭಾಗಗಳೇ ಸಾಕು, ಮುರಿದರೆ ಇನ್ನೊಂದು ಹಾಕಿದರಾಯಿತು ಎನ್ನುವವರು ಒಂದು ಕಡೆ. ವರ್ನನ್ ಅವರ ಮುಖಂಡ, ರಾಯ್ಸ್ ಅವನ ಬಾಲ. ಮುರಿಯುವುದನ್ನು ಯಾಕೆ ಹಾಕಬೇಕು, ಎಲ್ಲವನ್ನೂ ಲೋಹದ್ದೇ ಹಾಕಿ ಎನ್ನುವವರು ಇನ್ನೊಂದು ಕಡೆ. ಆ ಕಡೆಗೆ ನಾನು. ಆಲೂಗಡ್ಡೆ ಶೆಡ್ಡಿನಲ್ಲಿ ಜೀವಮಾನವೆಲ್ಲ ಯಂತ್ರ ರಿಪೇರಿ ಮಾಡಿದವಳಿಗೆ ಪ್ಲಾಸ್ಟಿಕ್ ಎಂದರೆ ಮೈ ಉರಿಯುತ್ತದೆ.

ರಾಯ್ಸ್ ಆಸ್ಪತ್ರೆಯಲ್ಲಿದ್ದಾಗ ನನಗೆ ಮನೆಯಲ್ಲಿ ಕೂತರೆ ನಿಂತರೆ ಸಮಾಧಾನವಿರಲಿಲ್ಲ. ಅವನ ಟ್ರಕ್ಕನ್ನು ಅಡುಗೆ ಮೇಜಿನ ಮೇಲೆ ಬಿಚ್ಚಿದೆ. ತೋಳುಗಳಿಗೆ ಅಲ್ಯೂಮಿನಿಯಂ ಹಾಕಿದೆ. ದಂಡಗಳು ಉಕ್ಕಿನವು, ಹಲ್ಲುಚಕ್ರಗಳು ಉಕ್ಕಿನವು, ಗಾಲಿಯೊಳಗೆ ಹಿತ್ತಾಳೆಯ ತೂಕ. ಅಲುಗಿ ಸಡಿಲವಾಗದಿರಲಿ ಎಂದು ಒಂದೊಂದು ತಿರುಪಿಗೂ ಕೆಂಪು ಅಂಟು ಬಿಟ್ಟೆ. ನೀಲಿ ಅಂಟು ಸಾಕಾಗುವಲ್ಲಿ ಕೆಂಪು ಹಾಕುವುದು ನನ್ನ ಗುಣ. ನೀಲಿ ಹಾಕಿದ್ದನ್ನು ಮತ್ತೆ ಬಿಚ್ಚಬಹುದು, ಕೆಂಪು ಹಾಕಿದ್ದು ಬೆಂಕಿ ತೋರಿಸದೆ ಬಿಚ್ಚುವುದಿಲ್ಲ. ವೈದ್ಯರಿಗೆ ಗಂಡನನ್ನು ಮೊದಲಿನಂತೆ ಮಾಡಲಾಗದಿದ್ದರೇನು, ಅವನ ಟ್ರಕ್ಕನ್ನಾದರೂ ಇನ್ನೆಂದೂ ಮುರಿಯದಂತೆ ಮಾಡುತ್ತೇನೆ ಎಂಬ ಹಟ ನನಗೆ.

ರಾಯ್ಸ್ ಮನೆಗೆ ಬಂದು ಅದನ್ನು ಅಂಗಳದಲ್ಲಿ ಒಂದು ಸಲ ಓಡಿಸಿದ. "ಸರಿ" ಎಂದ. ಕಪಾಟಿನ ಮೇಲಿಟ್ಟ. ಮತ್ತೆ ಮುಟ್ಟಲಿಲ್ಲ. ಕೈ ಸೋತಿದೆ, ಅದಕ್ಕೇ ಮುಟ್ಟುತ್ತಿಲ್ಲ ಎಂದುಕೊಂಡು ನಾನು ಮುಖ ತೊಳೆಯುವ ನೆಪದಲ್ಲಿ ಅತ್ತಿದ್ದೆ.

ವರ್ನನ್ ಬಂದವನು ಪಿಕಪ್ಪಿನ ಹಿಂಬಾಗಿಲು ಇಳಿಸಿ ಸಾಮಾನು ಹರಡಿದ. ಟ್ರಕ್ಕಿನ ಮೂತಿಗೆ ಅವನ ಪುಟ್ಟ ಕ್ಯಾಮೆರಾ ಕಟ್ಟಿದೆವು, ಚಿತ್ರ ಅವನ ಕೈಯ ಪರದೆಯಲ್ಲಿ ಕಾಣುತ್ತಿತ್ತು. ಬೇಲಿಯ ತಂತಿ ಕತ್ತರಿಸಿ ಕೊಕ್ಕೆ ಬಾಗಿಸಿ ಮುಂದಿನ ಬಂಪರಿಗೆ ಬಿಗಿದೆ. ಟೇಟರ್‌ನ ಕೊರಳಿನಿಂದ ಹಗ್ಗ ಎಳೆದಾಡುತ್ತಿತ್ತಲ್ಲ, ಅದರ ಹಿಡಿಕೆಗೆ ಕೊಕ್ಕೆ ಸಿಕ್ಕಿಸಿ ಎಳೆದು ತರುವುದು ಉಪಾಯ. ಟ್ರಕ್ಕಿನ ಹಿಂದೆ ಉದ್ದನೆಯ ಮೀನುಗಾರಿಕೆಯ ದಾರ ಕಟ್ಟಿದೆವು. ಬಂಡೆಯ ಸಂದಿಗೆ ಟ್ರಕ್ಕು ಬಿಡುವಾಗ ದಾರ ಕಟ್ಟದೆ ಬಿಡಬಾರದು ಎನ್ನುವುದು ನಮ್ಮ ಗುಂಪಿನ ಕಟ್ಟಳೆ.

"ಒಳಗೆ ಹೂಳಿನ ದಿಬ್ಬ ಇದೆ ಕಣಕ್ಕ," ಎಂದ ವರ್ನನ್ ಟಾರ್ಚು ಬಿಟ್ಟು. "ಹತ್ತತ್ತಾ?"

"ನಿನ್ನ ಪ್ಲಾಸ್ಟಿಕ್ ಗೊಂಬೆ ಅಲ್ಲ ಇದು. ಗೋಡೆ ಬೇಕಾದ್ರೂ ಹತ್ತತ್ತೆ."

ಹತ್ತಿತು. ಉಕ್ಕಿನ ಹಲ್ಲುಗಳು ಒಂದಕ್ಕೊಂದು ಕಚ್ಚಿ ಕಿರ್ರೆಂದು ಅರಚುತ್ತಾ ಟ್ರಕ್ಕು ದಿಬ್ಬವನ್ನು ಏರಿ ಆಚೆ ಇಳಿಯಿತು. ಪರದೆಯ ಮೇಲೆ ಎರಡು ಹಸಿರು ಕಣ್ಣು ಹೊಳೆದವು. ಹಗ್ಗದ ಹಿಡಿಕೆ ಕೊಕ್ಕೆಯ ಮುಂದೆಯೇ ಬಿದ್ದಿತ್ತು. ಇನ್ನೊಂದು ಗೇಣು. ನಾನು ರಿಮೋಟಿನ ಗುಂಡಿ ಒತ್ತಿದೆ. ಟೇಟರ್ ಹಲ್ಲು ಕಿರಿದು ಹಿಂದಕ್ಕೆ ಸರಿಯಿತು, ಹಿಡಿಕೆಯೂ ಅದರ ಜೊತೆ ಸರಿಯಿತು. ಮತ್ತೆ ಒತ್ತಿದೆ, ಮತ್ತೆ ಸರಿಯಿತು. ನಾನು ಮುಂದೆ ಹೋದಷ್ಟೂ ಅದು ತೂಬಿನ ಕಡೆಗೆ, ನೀರಿನ ಕಡೆಗೆ.

"ನಿಲ್ಸು, ನಿಲ್ಸು! ಓಡಿಸ್ಬಿಡ್ತೀಯ ಅದನ್ನ," ಎಂದ ವರ್ನನ್.

ರಸ್ತೆಯಾಚೆಯಿಂದ ಆರ್ವಿಲ್ ಕೂಗಿದ. "ಗೆರೆಗೆ ಒಂದು ಮೊಳ ಇದೆ!"

ಟ್ರಕ್ಕನ್ನು ಹಿಂದೆ ತೆಗೆದೆವು. ಕೊಕ್ಕೆ ಗಿಡ್ಡವಾಯಿತು, ಉದ್ದ ಮಾಡೋಣ ಎಂದೆ. ವರ್ನನ್ ಮೀನು ಹಿಡಿಯುವ ಕೋಲಿನ ತುದಿ ಮುರಿದುಕೊಟ್ಟ. ಕೋಲು ಕಟ್ಟಿದರೆ ಮೂತಿ ಭಾರವಾಗಿ ನೆಲ ಮೂಸಿತು. ಮೂತಿ ಎತ್ತಲು ಮುಂದಿನ ಸ್ಪ್ರಿಂಗು ಬದಲಿಸಿ ಗಟ್ಟಿಯದು ಹಾಕಿದೆ. ಒಂದನ್ನು ಬಲ ಮಾಡಿದರೆ ಸೋಲು ಪಕ್ಕದ್ದಕ್ಕೆ ದಾಟುತ್ತದೆ, ನಮ್ಮ ಕಸುಬಿನಲ್ಲಿ ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಕೈ ನಿಲ್ಲುವುದಿಲ್ಲ. ಬಿಗಿಯುವ ಅವಸರದಲ್ಲಿ ಎರಡು ಸಲ ತಿರುಪು ಹುಲ್ಲಿನಲ್ಲಿ ಬಿತ್ತು. ರಾಯ್ಸ್ ಎಲ್ಲಿ ಎಂದು ನೋಡಿದರೆ ಅವನು ಊರುಗೋಲು ಹಿಡಿದು ಮನೆಯ ಕಡೆ ಕುಂಟುತ್ತಾ ಹೋಗುತ್ತಿದ್ದ. ಅವನಿಗೆ ನೋಡಲಾಗುತ್ತಿಲ್ಲ, ಹೋಗಲಿ ಬಿಡು ಎಂದುಕೊಂಡೆ.

ಎರಡನೆಯ ಸಲ ಕೊಕ್ಕೆ ಹಿಡಿಕೆಯನ್ನು ಮುಟ್ಟಿತು. ಮುಟ್ಟಿದ್ದೇ ತಡ ಟೇಟರ್ ಎಗರಿ ಬಿದ್ದು, ಕೊಳವೆಯ ಗೋಡೆಗೆ ಮೈ ಹೊಡೆಸಿಕೊಂಡು, ತೂಬಿನ ಬುಡಕ್ಕೇ ಹೋಗಿ ಮುದುರಿಕೊಂಡಿತು. ಬಾಗಿಲ ಸಂದಿಯಿಂದ ಸೋರುವ ನೀರು ಅದರ ಬೆನ್ನ ಮೇಲೆ ಬೀಳುವುದು ಪರದೆಯಲ್ಲಿ ಕಾಣುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಒಂದು ಗೇಣು!" ಆರ್ವಿಲ್‌ನ ದನಿ ಬದಲಾಗಿತ್ತು. "ಬೇಗ ಏನಾದ್ರೂ ಮಾಡ್ರಪ್ಪಾ!"

ಅಷ್ಟರಲ್ಲಿ ರಾಯ್ಸ್ ಬಂದ. ಕಂಕುಳಲ್ಲಿ ಕಾಫಿ ಡಬ್ಬಿ. ಅದು ಅವನ ಹಳೆಯ ಭಾಗಗಳ ಡಬ್ಬಿ; ನಾನು ಟ್ರಕ್ಕಿನಿಂದ ಕಿತ್ತು ಕಸಕ್ಕೆ ಹಾಕಿದ್ದನ್ನೆಲ್ಲ ಅವನು ಆರಿಸಿ ಅದರಲ್ಲಿ ಇಟ್ಟುಕೊಂಡಿದ್ದ. ಅದನ್ನು ನನ್ನ ಮುಖದ ಮುಂದೆ ಗಡಗಡ ಅಲ್ಲಾಡಿಸಿ, "ಸರಿ! ಸರಿ!" ಎಂದ.

"ಏನ್ ಸರಿ? ಎಲ್ಲಾ ಹಾಳಾಗಿ ಹೋಗ್ತಿದೆ, ನಿಂದೊಂದು ಸರಿ! ಪಕ್ಕಕ್ಕೆ ಹೋಗು ರಾಯ್ಸ್!"

ಅವನು ಹೋಗಲಿಲ್ಲ. ಡಬ್ಬಿಯನ್ನು ಪಿಕಪ್ಪಿನ ಮೇಲೆ ಕವುಚಿದ. ಪ್ಲಾಸ್ಟಿಕ್ ಹಲ್ಲುಚಕ್ರಗಳು, ತೋಳುಗಳು ಚೆಲ್ಲಾಡಿದವು. ಎಡಗೈಯಿಂದ ಹಳೆಯ ಬಂಪರನ್ನು ಆರಿಸಿ ನನ್ನ ಅಂಗೈಗೆ ಒತ್ತಿದ. ಅದರ ತುಂಬ ಕಚ್ಚಿದ ಗುರುತು. ಟೇಟರ್‌ನ ಹಲ್ಲು. ಮೊದಲೆಲ್ಲ ರಾಯ್ಸ್ ಅಂಗಳದಲ್ಲಿ ಟ್ರಕ್ಕು ಬಿಟ್ಟರೆ ನಾಯಿ ಅದರ ಹಿಂದೆ ಸುತ್ತು ಹೊಡೆಯುತ್ತಿತ್ತು, ಸಿಕ್ಕಲ್ಲಿ ಕಚ್ಚುತ್ತಿತ್ತು. ಟ್ರಕ್ಕಿನ ಸದ್ದು ಕೇಳಿದರೆ ಹಾಸಿಗೆಯ ಅಡಿಯಿಂದ ಎದ್ದು ಬರುತ್ತಿತ್ತು. ರಾಯ್ಸ್ ಬಂಪರು ಕೆಳಗಿಟ್ಟು ಪ್ಲಾಸ್ಟಿಕ್ ಹಲ್ಲುಚಕ್ರವನ್ನು ಎತ್ತಿಕೊಂಡ. ಅದನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಿರುಗಿಸಿದ. ನನ್ನ ಟ್ರಕ್ಕನ್ನು ತೋರಿಸಿ ತಲೆಯಾಡಿಸಿದ.

ಆಗ ನನಗೆ ತಿಳಿಯಿತು. ನಾನು ಟ್ರಕ್ಕಿಗೆಲ್ಲ ಲೋಹ ಹಾಕಿದ ಮೇಲೆ ಟೇಟರ್ ಅದರ ಹಿಂದೆ ಓಡಿರಲಿಲ್ಲ. ಆ ಒಂದು ದಿನ ಅಂಗಳದಲ್ಲಿ ಉಕ್ಕಿನ ಅರಚಾಟಕ್ಕೆ ಹೆದರಿ ಮೆಟ್ಟಿಲ ಕೆಳಗೆ ಸೇರಿಕೊಂಡಿತ್ತು. ರಾಯ್ಸ್ ಟ್ರಕ್ಕನ್ನು ಕಪಾಟಿನ ಮೇಲೆ ಇಟ್ಟದ್ದು ಕೈ ಸೋತದ್ದಕ್ಕಲ್ಲ. ಅವನಿಗೂ ನಾಯಿಗೂ ಉಳಿದಿದ್ದ ಒಂದೇ ಆಟವನ್ನು ನಾನೇ ಗಟ್ಟಿ ಮಾಡಿ ಮಾಡಿ ಕೊಂದಿದ್ದೆ. ಅಳುವುದಕ್ಕೆ ಆ ಹೊತ್ತಿನಲ್ಲಿ ಬಿಡುವಿರಲಿಲ್ಲ.

"ವರ್ನನ್, ಉಕ್ಕಿನ ಚಕ್ರ ಬಿಚ್ಚು. ಪ್ಲಾಸ್ಟಿಕ್ಕೇ ಹಾಕ್ತೀನಿ."

"ದಿಬ್ಬದ ಮೇಲೆ ಹಲ್ಲು ಉದುರತ್ತೆ!"

"ಉದುರ್ಲಿ. ಬಿಚ್ಚೋ!"

ಮುಚ್ಚಳದ ತಿರುಪು ಬಂದವು. ದೊಡ್ಡ ಚಕ್ರ ಬಂತು. ಮೋಟಾರಿನ ತುದಿಯ ಚಿಕ್ಕ ಚಕ್ರ ಮಾತ್ರ ಅಲ್ಲಾಡಲಿಲ್ಲ. ಅದರ ತಿರುಪಿಗೆ ನಾನು ಕೆಂಪು ಅಂಟನ್ನು ಒಂದು ಹನಿಯಲ್ಲ, ಮೂರು ಹನಿ ಬಿಟ್ಟಿದ್ದೆ. ವರ್ನನ್ ತಿರುಚಿದ, ತಿರುಪಿನ ಕೀಲಿ ಜಾರಿ ಅವನ ಹೆಬ್ಬೆರಳು ಕೊಯ್ದಿತು.

"ನಿನ್ನ ಕೆಂಪು ಅಂಟಿಗಿಷ್ಟು! ಇದೇನ್ ಸಾಯೋತಂಕ ಬಿಚ್ಚಬಾರ್ದು ಅಂತ ಹಾಕಿದ್ಯಾ?"

"ಹೌದು," ಎಂದೆ. ಹಾಗೆಯೇ ಹಾಕಿದ್ದೆ.

ವರ್ನನ್‌ನ ಸಿಗರೇಟಿನ ಲೈಟರು ಕಿತ್ತುಕೊಂಡು ತಿರುಪಿನ ಕೆಳಗೆ ಹಿಡಿದೆ. ಹೆಚ್ಚು ಕಾಯಿಸಿದರೆ ಮೋಟಾರು ಸುಡುತ್ತದೆ, ಕಡಿಮೆ ಕಾಯಿಸಿದರೆ ಅಂಟು ಬಿಡುವುದಿಲ್ಲ. ಗಾಳಿಗೆ ಜ್ವಾಲೆ ಆರಿ ಆರಿ ಹೋಗುತ್ತಿತ್ತು. ರಾಯ್ಸ್ ಟೋಪಿ ತೆಗೆದು ಅಡ್ಡ ಹಿಡಿದ. ಅಂಟು ಹೊಗೆಯಾಡಿತು. ಕೀಲಿ ಹಾಕಿ ತಿರುಚಿದೆ. ಕಟಕ್ ಎಂದು ತಿರುಪು ಬಿಟ್ಟುಕೊಟ್ಟಿತು. ಬಿಸಿ ಉಕ್ಕನ್ನು ಬರಿಗೈಯಲ್ಲೇ ಕಿತ್ತೆ. ಹಳೆಯ ಚಕ್ರಗಳನ್ನು ಕೂರಿಸಿದೆ. ಗಾಲಿಯೊಳಗಿನ ಹಿತ್ತಾಳೆ ತೂಕ ತೆಗೆದೆ, ಕೊಕ್ಕೆ ಕೋಲು ತೆಗೆದೆ. ಪ್ಲಾಸ್ಟಿಕ್ ಹಲ್ಲಿನ ಮೇಲೆ ಒಂದು ಗುಂಜಿ ಭಾರವೂ ಹೆಚ್ಚಿಗೆ ಬೀಳಬಾರದು.

"ನಾಕು ಬೆರಳು!" ಎಂದ ಆರ್ವಿಲ್.

ಟ್ರಕ್ಕನ್ನು ಕೊಳವೆಯ ಬಾಯಲ್ಲಿಟ್ಟು ರಿಮೋಟು ಕೈಗೆ ತೆಗೆದುಕೊಂಡೆ. ರಾಯ್ಸ್ ಎಡಗೈ ಚಾಚಿದ.

ಕೊಡಲು ಮನಸ್ಸು ಬರಲಿಲ್ಲ. ಬಟ್ಟಲು ಎತ್ತಲಾಗದ ಮನುಷ್ಯನಿಗೆ ಒಂದು ಜೀವವನ್ನು ಹೇಗೆ ಕೊಡುವುದು? ವರ್ನನ್ ನನ್ನ ಮುಖ ನೋಡಿದ.

"ಕೊಡು ಅಕ್ಕ. ಕೊಳವೆ ನೇರ ಇದೆ, ಗಾಲಿ ತಿರುಗ್ಸೋ ಹಂಗಿಲ್ಲ. ಒಂದು ಬೆರಳು ಸಾಕು. ಅವನ ಎಡಗೈ ಗಟ್ಟಿಯಾಗೇ ಇದೆಯಲ್ಲ."

ಕೊಟ್ಟೆ. ರಾಯ್ಸ್ ಹುಲ್ಲಿನ ಮೇಲೆ ಕೂತು ರಿಮೋಟನ್ನು ಮೊಣಕಾಲಿಗೆ ಒರಗಿಸಿದ. ಹೊರಡುವ ಮುಂಚೆ ಗುಂಡಿಯನ್ನು ಎರಡು ಸಲ ಚಿಕ್ಕದಾಗಿ ಒತ್ತುವುದು ಅವನ ಹಳೆಯ ಅಭ್ಯಾಸ. ಒತ್ತಿದ. ಟ್ರಕ್ಕು ಗುರ್, ಗುರ್ ಎಂದಿತು. ಆ ಮೆತ್ತನೆಯ ಸದ್ದು ಕೇಳಿ ಎಷ್ಟು ದಿನವಾಗಿತ್ತು! ಒಂದು ಕಾಲಕ್ಕೆ ಆ ಸದ್ದಿಗೆ ನಾನು ಅಡುಗೆಮನೆಯಿಂದ ಬೈಯುತ್ತಿದ್ದೆ.

ಅದು ನಿಧಾನವಾಗಿ ಒಳಗೆ ಹೋಯಿತು. ದಾರ ನನ್ನ ಬೆರಳುಗಳ ನಡುವೆ ಜಾರುತ್ತಿತ್ತು. ದಿಬ್ಬದ ಬುಡದಲ್ಲಿ ನಿಂತಿತು. ರಾಯ್ಸ್ ನನ್ನ ಹಾಗೆ ನುಗ್ಗಿಸಲಿಲ್ಲ. ಸ್ವಲ್ಪ ಹತ್ತಿಸಿದ, ಜಾರಲು ಬಿಟ್ಟ, ಮತ್ತೆ ಸ್ವಲ್ಪ ಹತ್ತಿಸಿದ. ಹೂಳು ಗಾಲಿಯಡಿಯಲ್ಲಿ ಗಟ್ಟಿಯಾಯಿತು. ಒಳಗೆ ಟಿಕ್ ಎಂದಿತು, ಒಂದು ಹಲ್ಲು ಹೋಯಿತು. ವರ್ನನ್ ಕಣ್ಣು ಮುಚ್ಚಿಕೊಂಡ. ಟ್ರಕ್ಕು ದಿಬ್ಬದ ನೆತ್ತಿಗೆ ಬಂದು ಆಚೆ ಇಳಿಯಿತು.

ಪರದೆಯಲ್ಲಿ ಟೇಟರ್ ತೂಬಿನ ಬುಡದಲ್ಲಿ ನಡುಗುತ್ತಿತ್ತು. ರಾಯ್ಸ್ ದೂರದಲ್ಲೇ ನಿಲ್ಲಿಸಿದ. ಗುರ್, ಗುರ್. ಏನೂ ಆಗಲಿಲ್ಲ. ಮತ್ತೆ ಗುರ್, ಗುರ್. ನಾಯಿಯ ಒಂದು ಕಿವಿ ನಿಮಿರಿತು. ಅವನು ಟ್ರಕ್ಕನ್ನು ಒಂದು ಗೇಣು ಹಿಂದಕ್ಕೆ ತೆಗೆದ. ಇನ್ನೊಂದು ಗೇಣು. ಓಡಿಹೋಗುವುದನ್ನು ಕಂಡರೆ ಬಿಡುವ ಜಾತಿಯೇ ಅದು? ಟೇಟರ್ ಎದ್ದಿತು. ಮೈ ಕೊಡವಿತು. ಒಂದು ಹೆಜ್ಜೆ ಮುಂದಿಟ್ಟಿತು.

"ಬಂತು ಕಣೋ," ಎಂದು ವರ್ನನ್ ಪಿಸುಗುಟ್ಟಿದ.

"ಮುಟ್ತು!" ರಸ್ತೆಯಾಚೆಯಿಂದ ಆರ್ವಿಲ್ ಅರಚಿದ. "ಗೆರೆ ಮುಟ್ತು ನೆಡ್ರಾ! ಏರಿ ಒಸರ್ತಿದೆ!"

"ಒಂದೇ ಒಂದು ಗಳಿಗೆ ಕಣೋ, ನಿನ್ನ ಕಾಲಿಗೆ ಬೀಳ್ತೀನಿ!" ಎಂದೆ. ಜೀವಮಾನದಲ್ಲಿ ಯಾರಿಗೂ ಆ ಮಾತು ಹೇಳಿದವಳಲ್ಲ ನಾನು.

ರಾಯ್ಸ್ ತಲೆ ಎತ್ತಲಿಲ್ಲ. ಅವಸರವನ್ನೂ ಮಾಡಲಿಲ್ಲ. ಟ್ರಕ್ಕು ಹಿಂದೆ ಹಿಂದೆ, ನಾಯಿ ಮುಂದೆ ಮುಂದೆ. ದಿಬ್ಬ ಬಂತು. ಟ್ರಕ್ಕು ಹಿಮ್ಮೊಗವಾಗಿ ಹತ್ತತೊಡಗಿತು. ಟಿಕ್, ಟಿಕ್, ಟಿಕ್ ಎಂದು ಹಲ್ಲು ಉದುರಿದವು. ನೆತ್ತಿಗೆ ಬಂದ ಕೂಡಲೇ ಮೋಟಾರು ಸುಮ್ಮನೆ ಸುಯ್ಯೆಂದು ಸುತ್ತಿತು, ಗಾಲಿ ನಿಂತವು. ಚಕ್ರ ಬೋಳಾಗಿತ್ತು. ಓಡುತ್ತಿದ್ದುದು ನಿಂತುಬಿಟ್ಟದ್ದನ್ನು ಕಂಡು ಟೇಟರ್ ಕೂಡ ನಿಂತಿತು. ಹೊರಗಿನ ಹೊಗೆಯ ವಾಸನೆ ಮೂಗಿಗೆ ಬಡಿದಿರಬೇಕು, ಬಾಲ ಮಡಚಿತು.

ರಾಯ್ಸ್ ರಿಮೋಟನ್ನು ಹುಲ್ಲಿಗೆ ಎಸೆದು ನನ್ನ ಕೈಯಲ್ಲಿದ್ದ ದಾರವನ್ನು ತೋರಿಸಿದ. "ಸರಿ!" ಎಂದ. ಈ ಸಲ ನನಗೆ ಅರ್ಥವಾಗಲು ತಡವಾಗಲಿಲ್ಲ.

ಎಳೆದೆ. ಸತ್ತ ಟ್ರಕ್ಕು ದಿಬ್ಬದಿಂದ ಸರ್ರನೆ ಜಾರಿತು. ಅಷ್ಟು ಸಾಕಾಯಿತು. ಪರದೆಯ ತುಂಬ ಬಾಯಿ, ನಾಲಗೆ, ಹಲ್ಲು; ಆಮೇಲೆ ಕತ್ತಲೆ. ದಾರ ಇದ್ದಕ್ಕಿದ್ದಂತೆ ಭಾರವಾಯಿತು. ಒಳಗಿನಿಂದ ಗುರುಗುಟ್ಟುವ ಸದ್ದು. ದಾರ ಬೆರಳು ಕೊಯ್ಯುತ್ತಿದ್ದರೂ ಕೈಮೇಲೆ ಕೈ ಹಾಕಿ ಎಳೆದೆ. ಟ್ರಕ್ಕಿನ ಮುಂದಿನ ಗಾಲಿಯನ್ನು ಕಚ್ಚಿ ಹಿಡಿದು, ನಾಲ್ಕು ಕಾಲನ್ನೂ ಊರಿ, ಬಿಡಲೊಲ್ಲೆ ಎನ್ನುತ್ತಾ, ಕೆಸರಿನ ಮುದ್ದೆಯಂತೆ ಟೇಟರ್ ಬೆಳಕಿಗೆ ಬಂತು. ವರ್ನನ್ ಅದರ ಕುತ್ತಿಗೆ ಹಿಡಿದು ಏರಿಯ ಮೇಲೆ ಎಸೆದ.

"ಎತ್ತೋ ಆರ್ವಿಲ್! ಎತ್ತು!"

ಹಲ್ಲಿ ಲೊಚಗುಟ್ಟುವಷ್ಟು ಹೊತ್ತಿನಲ್ಲಿ ಕೊಳವೆ ಕೆಮ್ಮಿತು. ಕಂದು ನೀರು ಮುಳ್ಳುಪೊದೆ, ಹಳೆಯ ಡಬ್ಬಗಳನ್ನೆಲ್ಲ ಹೊತ್ತುಕೊಂಡು ಭೋರೆಂದು ನುಗ್ಗಿತು. ನಾನು ಏರಿಯ ಮೇಲೆ ಕೂತು, ನೀರನ್ನು ನೋಡುತ್ತಾ, ನಾಚಿಕೆಯಿಲ್ಲದೆ ಗೊಳೋ ಎಂದು ಅತ್ತೆ. ಟೇಟರ್ ರಾಯ್ಸ್‌ನ ತೊಡೆಯ ಮೇಲೆ ಹತ್ತಿ ಅವನ ಸೊಟ್ಟ ಬಾಯಿಯನ್ನು ನೆಕ್ಕುತ್ತಿತ್ತು. ಅವನು ಅದರ ಕಿವಿಯಲ್ಲಿ ಸರಿ, ಸರಿ, ಸರಿ ಎನ್ನುತ್ತಲೇ ಇದ್ದ.

"ಹಾಗಾದ್ರೆ ಒಪ್ಕೋತೀಯಾ?" ಎಂದ ವರ್ನನ್, ಹೆಬ್ಬೆರಳಿಗೆ ಕರವಸ್ತ್ರ ಸುತ್ತಿಕೊಳ್ಳುತ್ತಾ. "ಪ್ಲಾಸ್ಟಿಕ್ಕೇ ಗೆಲ್ತು ಅಂತ?"

"ಬಾಯ್ಮುಚ್ಕೊಂಡು ಕಾಫಿ ಕುಡಿ," ಎಂದೆ. ಫ್ಲಾಸ್ಕಿನಲ್ಲಿ ಇದ್ದುದನ್ನೆಲ್ಲ ಅವನಿಗೇ ಬಗ್ಗಿಸಿದೆ.

ಈಗ ಕಾಫಿ ಡಬ್ಬಿಯಲ್ಲಿ ಇರುವುದು ಉಕ್ಕಿನ ಚಕ್ರಗಳು. ಕೆಂಪು ಅಂಟಿನ ಶೀಶೆಯನ್ನು ವರ್ನನ್‌ಗೆ ಕೊಟ್ಟುಬಿಟ್ಟೆ, ನೀಲಿ ಮಾತ್ರ ಇಟ್ಟುಕೊಂಡಿದ್ದೇನೆ. ಸಂಜೆ ರಾಯ್ಸ್ ಅಂಗಳದಲ್ಲಿ ಟ್ರಕ್ಕು ಬಿಡುತ್ತಾನೆ, ಟೇಟರ್ ಅಟ್ಟಿಸಿಕೊಂಡು ಹೋಗಿ ಕಚ್ಚುತ್ತದೆ, ವಾರಕ್ಕೊಂದು ಚಕ್ರ ಬೋಳಾಗುತ್ತದೆ. ಆಗ ಅವನು ಕುಂಟುತ್ತಾ ಅಡುಗೆಮನೆಗೆ ಬಂದು ಮುರಿದದ್ದನ್ನು ನನ್ನ ಮುಂದೆ ಹಿಡಿದು "ಸರಿ" ಎನ್ನುತ್ತಾನೆ. ನಾನು ಬೈಯುತ್ತಾ ಕೈ ಒರೆಸಿಕೊಂಡು ಹೊಸದು ಹಾಕಿಕೊಡುತ್ತೇನೆ.